ಇಗರ್ಜಿಯ ಮನೆಗಳೂ ಹದಿನಾರರ ಹುಡುಗಿಯೂ

ನಾ. ಡಿಸೋಜರ ‘ಇಗರ್ಜಿಯ ಸುತ್ತಲಿನ ಹತ್ತು ಹನ್ನೆರಡು ಮನೆಗಳು’ ಕಾದಂಬರಿಯ ಹೆಸರಿನಲ್ಲೇ ಅದರ ಬಲವಿದೆ, ಮಿತಿಯೂ ಇದೆ. ಅಲ್ಲಿ ವಿಶ್ವಾಸವೆಂದರೆ ಊರೊಟ್ಟಿನ ಸಂಗತಿ. ಚಾಮರಾಜಪೇಟೆಯಲ್ಲಿ ಬೆಳೆದ ನನಗೆ ‘ಇಗರ್ಜಿ’ ಎಂಬ ಪದವೇ ಹೊಸತು. ಪೋರ್ಚುಗೀಸಿನಿಂದ ಕೊಂಕಣಿಗೆ ಬಂದು ಘಟ್ಟ ಹತ್ತಿದ ಪದವದು. ನಮ್ಮ ಮನೆಯಲ್ಲಿ ಬರೀ ಚರ್ಚು. ದೃಢೀಕರಣ ಸಂಸ್ಕಾರವಾದ ಮೇಲೆ ನಮ್ಮ ಧರ್ಮೋಪದೇಶದ ತರಗತಿ ನಿಂತಿತು. ಪ್ರಶ್ನೆಗಳು ಶುರುವಾದದ್ದೇ ಆಮೇಲೆ. ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ ಪೂಜೆಯೇನೋ ಕನ್ನಡಕ್ಕೆ ಬಂತು. ಸಂದೇಹಪಡಲು ಬೇಕಾದ ಕನ್ನಡವನ್ನು ಮಾತ್ರ ಯಾರೂ ಕಲಿಸಲಿಲ್ಲ. ಅದು ಸಿಕ್ಕಿದ್ದು ಎಂ.ಎ. ತರಗತಿಯಲ್ಲಿ, ದೇವರನ್ನೇ ನಿಲ್ಲಿಸಿ ಕೇಳುವ ವಚನಗಳಲ್ಲಿ. ಡಿಸೋಜರ ಸಮುದಾಯಚಿತ್ರಣ ಕನ್ನಡಕ್ಕೆ ದೊಡ್ಡ ಕೊಡುಗೆ, ನಿಜ. ಆದರೆ ಆ ಮನೆಗಳೊಳಗೆ ಪ್ರಾರ್ಥಿಸಲಾಗದೆ ಕೂತ ಹದಿನಾರರ ಹುಡುಗಿಯನ್ನು ನಾನಿನ್ನೂ ಹುಡುಕುತ್ತಿದ್ದೇನೆ.