ನಾಣ್ಯ ಸುರಿಸದ ಲಕ್ಷ್ಮಿ

ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಅಂಗಡಿಗೆ ಬರುವ ವಿಗ್ರಹಗಳಲ್ಲಿ ಲಕ್ಷ್ಮಿಯ ಅಂಗೈಯಿಂದ ನಾಣ್ಯ ಸುರಿಯುತ್ತಿರುತ್ತದೆ. ಹಾಸನ ಜಿಲ್ಲೆಯ ದೊಡ್ಡಗದ್ದವಳ್ಳಿಯ ಲಕ್ಷ್ಮಿ ಬೇರೆ. 12ನೇ ಶತಮಾನದ ಆರಂಭದಲ್ಲಿ, ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ ಗುಡಿಯಿದು. ಕಟ್ಟಿಸಿದವರು ಹಣದ ಬೆಲೆ ಬಲ್ಲವರು. ಆದರೂ ಅವರ ದೇವಿ ಹಿಡಿದಿರುವುದು ಶಂಖ, ಚಕ್ರ, ಗದೆಗಳನ್ನು. ಅದೇ ಸೂರಿನಡಿ ಕಾಳಿಯ ಗರ್ಭಗುಡಿಯೂ ಇದೆ. ಅದರ ಬಾಗಿಲಲ್ಲಿ ಎಲುಬು ಎದ್ದುಕಾಣುವ ಬೇತಾಳಗಳು ಕಾವಲು ನಿಂತಿವೆ. ಸಿರಿಯನ್ನು ಕಾಯಬೇಕು, ಅದರ ನೆರೆಯಲ್ಲೇ ಸಾವಿದೆ ಎಂದು ನಾನು ಈ ಗುಡಿಯನ್ನು ಓದಿಕೊಳ್ಳುತ್ತೇನೆ. ಅಂಗಡಿಯ ವಿಗ್ರಹ ಅಗ್ಗವೆಂದು ನನ್ನ ತಕರಾರಿಲ್ಲ. ಕೊಡುವುದನ್ನಷ್ಟೇ ತೋರಿಸಿ, ಕಾಯುವುದನ್ನೂ ಕಳೆದುಕೊಳ್ಳುವುದನ್ನೂ ಅದು ಮರೆಸಿಬಿಡುತ್ತದೆ.