ಎರಡು ತಿರುಪು, ಒಂದು ಕಿವಿ

ಟೂ-ಸ್ಟ್ರೋಕ್ ಡರ್ಟ್ ಬೈಕಿನ ಐಡ್ಲಿಂಗ್ ಕೂರಿಸುವುದು ಸ್ಕ್ರೂಡ್ರೈವರಿಗಿಂತ ಹೆಚ್ಚಾಗಿ ಕಿವಿಯ ಕೆಲಸ. ಮೊದಲು ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ತಣ್ಣಗಿದ್ದಾಗ ಕೂರಿಸಿದ್ದು ಸ್ವಲ್ಪ ಓಡಿಸುವುದರಲ್ಲೇ ಕೆಡುತ್ತದೆ. ಕಾರ್ಬುರೇಟರಿನ ಐಡಲ್ ಸ್ಕ್ರೂ ಸ್ಲೈಡನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತದೆ, ಅಷ್ಟೇ. ನಿಜವಾದ ಕುಸುರಿ ಏರ್ ಸ್ಕ್ರೂನದು: ಹಗುರವಾಗಿ ಪೂರ್ತಿ ಮುಚ್ಚಿ, ಸುಮಾರು ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಕಾಲು ಸುತ್ತಿನಂತೆ ಆಚೀಚೆ ತಿರುಗಿಸುತ್ತ ಸದ್ದು ಅತ್ಯಂತ ಚುರುಕಾಗುವ ಜಾಗ ಹುಡುಕಬೇಕು. ಸಿಕ್ಕ ಮೇಲೆ ಐಡಲ್ ಸ್ಕ್ರೂ ಇಳಿಸಬೇಕು. ಥ್ರಾಟಲ್ ಬಿಟ್ಟಾಗ ಸದ್ದು ತಟ್ಟನೆ ಇಳಿಯದೆ ಮೇಲೆಯೇ ತೂಗಾಡಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಇರಬೇಕು, ಇಲ್ಲವೇ ಕ್ರ್ಯಾಂಕ್ ಸೀಲಿನಲ್ಲಿ ಗಾಳಿ ನುಗ್ಗುತ್ತಿರಬೇಕು. ಇಂಜಿನ್ನಿನ ಕಾಯಿಲೆ ಮೊದಲು ಕೇಳಿಸುವುದು ಇಲ್ಲೇ.

ರೇಸಿನಲ್ಲಿ ಥ್ರಾಟಲ್ ಸದಾ ತೆರೆದೇ ಇರುತ್ತದೆ, ಐಡ್ಲಿಂಗ್ ಯಾಕೆ ಎನ್ನುವವರಿದ್ದಾರೆ. ಮೋಟೋಕ್ರಾಸ್ ಟ್ರ್ಯಾಕಿನ ಮಟ್ಟಿಗೆ ಒಪ್ಪೋಣ. ಕಾಡುದಾರಿಯ ಕಡಿದಾದ ತಿರುವಿನಲ್ಲಿ ಕ್ಲಚ್ ಹಿಡಿದೊಡನೆ ಇಂಜಿನ್ ಆರಿದರೆ ಕಿಕ್ ಹೊಡೆಯಲು ಕಾಲೂರುವುದಕ್ಕೂ ಜಾಗವಿರುವುದಿಲ್ಲ. 2018ರ ಮಾದರಿಗಳಿಂದ ಕೆಟಿಎಂ ತನ್ನ ಕೆಲವು ಎಂಡ್ಯೂರೋ ಟೂ-ಸ್ಟ್ರೋಕ್‌ಗಳಿಗೆ ಫ್ಯುಯೆಲ್ ಇಂಜೆಕ್ಷನ್ ತಂದು ಏರ್ ಸ್ಕ್ರೂನ ಗೊಡವೆಯನ್ನೇ ತಪ್ಪಿಸಿತು, ನಿಜ. ಆದರೆ ಕಾರ್ಬುರೇಟರ್ ಗಾಡಿಯವನು ಮಂಗಳೂರಿನಿಂದ ಚಿಕ್ಕಮಗಳೂರಿನ ಬೆಟ್ಟಕ್ಕೆ ಹೊರಟರೆ, ಗಾಳಿ ತೆಳುವಾದಷ್ಟೂ ಆ ತಿರುಪನ್ನು ಮತ್ತೆ ಕೊಂಚ ಬಿಚ್ಚಬೇಕಾದೀತು.