ಕೆಲಸ ಸಿಗದವನ ಕುಣಿತದ ಹಾಡು

ಅರ್ಥವಿಲ್ಲದ ಹಾಡು ಅಂತ ಯಾರಾದರೂ ಅಂದರೆ ನನಗೆ ಮೊದಲು ಅನುಮಾನ ಬರೋದು ಅಂದವನ ಕಿವಿಯ ಮೇಲೆ. 1958ರ ಫೆಬ್ರವರಿಯಲ್ಲಿ ಅಮೆರಿಕದ ಮಾರಾಟದ ಪಟ್ಟಿಯ ತುದಿಗೇರಿದ ‘ಗೆಟ್ ಎ ಜಾಬ್’ ಹಾಡಿಗೂ ಇದೇ ಹಣೆಪಟ್ಟಿ. ಬಾಯಿಗೆ ಬಂದ ಸದ್ದು, ಕುಣಿದು ಮರೆತುಬಿಡಿ ಅಂತ. ಹಾಡಿದವರು ಫಿಲಡೆಲ್ಫಿಯಾದ ನಾಲ್ವರು ಕಪ್ಪು ಯುವಕರು, ‘ದಿ ಸಿಲೂಎಟ್ಸ್’.

ಈ ಡೂ-ವಾಪ್ ಅನ್ನೋದು ಸಂಗೀತ ಶಾಲೆಯಲ್ಲಿ ಹುಟ್ಟಿದ್ದಲ್ಲ. ನ್ಯೂಯಾರ್ಕ್, ಫಿಲಡೆಲ್ಫಿಯಾ, ಷಿಕಾಗೋಗಳ ಕಪ್ಪು ಕೇರಿಗಳಲ್ಲಿ, ಬೀದಿ ಮೂಲೆಯಲ್ಲಿ, ಮೆಟ್ಟಿಲ ಬುಡದಲ್ಲಿ, ವಾದ್ಯ ಕೊಳ್ಳಲು ಕಾಸಿಲ್ಲದ ಹುಡುಗರು ಗಂಟಲನ್ನೇ ವಾದ್ಯ ಮಾಡಿಕೊಂಡರು. ಒಬ್ಬ ಮುಂದೆ ನಿಂತು ಮಾತು ಹಾಡ್ತಾನೆ; ಉಳಿದವರು ಹಿಂದೆ ತಂತಿಯಾಗಿ, ಕಹಳೆಯಾಗಿ ಸದ್ದು ಹೊರಡಿಸ್ತಾರೆ. ಪಂಡಿತರು ಮೂಗು ಮುರಿಯುವ ‘ಅರ್ಥವಿಲ್ಲದ ಪದ’ ಇದೇ: ಇಲ್ಲದ ವಾದ್ಯದ ಜಾಗ ತುಂಬಿದ ಪದ. ನಮ್ಮ ಹೆಂಗಸರು ನಾಟಿ ಗದ್ದೆಯಲ್ಲಿ ಎಳೆಯುವ ಸೊಲ್ಲಿಗೆ ನಿಘಂಟಿನಲ್ಲಿ ಅರ್ಥ ಹುಡುಕ್ತೀವಾ?

ಹಾಡಿನ ಮೂಲ ಗುಂಪಿನ ರಿಚರ್ಡ್ ಲೂಯಿಸ್‌ನದು. ಸೈನ್ಯದಿಂದ ಬಂದವನು ದುಡಿಮೆಗೆ ಹೋಗದೆ ಇದ್ದಾಗ ಅವ್ವ ಕೆಲಸ ಹುಡುಕು ಅಂದಳು, ಅಲ್ಲಿಂದ ಹಾಡು ಬಂತು ಅಂತ ಅವನೇ ಹೇಳಿದ್ದಾನೆ. ಹಾಡಿನೊಳಗೂ ಅಷ್ಟೆ. ಬೆಳಗಾದರೆ ಅತ್ತು ಎಬ್ಬಿಸುವ ಹೆಂಗಸು, ಪೇಪರಿನ ಜಾಹಿರಾತು ತಿರುವುವ ಹುಡುಗ, ಬರಿಗೈಲಿ ಮನೆಗೆ ವಾಪಸ್ಸು. ಸಿಗಲಿಲ್ಲ ಅಂದರೆ ಸುಳ್ಳು ಹೇಳ್ತೀಯ ಅನ್ನುವ ಮನೆ. ಈ ‘ಸುಳ್ಳು’ ಅನ್ನೋದೇ ಹಾಡಿನ ಮುಳ್ಳು. ನಾನು ಬಿ.ಎ. ಮುಗಿಸಿದ ವರ್ಷ ನಮ್ಮವ್ವನೂ ಹೀಗೇ ಅಂದಿದ್ದಳು: “ಓದ್ದೋರಿಗೆ ಕೆಲ್ಸ ಇಲ್ಲ ಅಂತಾರೇನ್ಲಾ? ನೀನೇ ಹೋಗಿಲ್ಲ ಬಿಡು.” ಅವಳ ಸಿಟ್ಟಿಗೆ ಎದುರಿಗೆ ಸಿಕ್ಕವನು ನಾನು. ನನ್ನ ಅರ್ಜಿ ಮೂಲೆಗೆಸೆದವರ ಮುಖ ಅವಳಿಗೆ ಕಾಣೋದಾದರೂ ಹೇಗೆ?

ಈಗ ಆ ಸದ್ದನ್ನು ಇನ್ನೊಂದು ಸಲ ಕೇಳಿ. ಹುಡುಗ ನಿಜ ಹೇಳಿದರೂ ಯಾರೂ ನಂಬಲ್ಲ. ಅವನ ಮಾತು ಸೋತ ಕಡೆ ಗೆಳೆಯರ ಗಂಟಲು ಬರುತ್ತೆ. ಅದು ವಾದ ಮಾಡಲ್ಲ, ಸಮಜಾಯಿಷಿ ಕೊಡಲ್ಲ, ಜತೆಗೆ ನಿಲ್ಲುತ್ತೆ.

1957ರ ಆಗಸ್ಟಿನಿಂದ 1958ರ ಏಪ್ರಿಲ್‌ವರೆಗೆ ಅಮೆರಿಕದಲ್ಲಿ ಆರ್ಥಿಕ ಕುಸಿತ. ಕಪ್ಪು ಜನರ ನಿರುದ್ಯೋಗ ಬಿಳಿಯರದಕ್ಕಿಂತ ಸುಮಾರು ಎರಡು ಪಟ್ಟು. ಬಿಳಿಯರ ಮಕ್ಕಳೂ ಈ ಹಾಡಿಗೆ ಕುಣಿದರು. ಯಾಕೆ ಕುಣಿಯಲಾಯಿತು? ಇಲ್ಲೇ ನನ್ನ ತಕರಾರು. ಕೆಲಸ ಕೊಡದವನು ಯಾರು ಅಂತ ಹಾಡು ಕೇಳಲ್ಲ. ಜಗಳವೆಲ್ಲ ಮನೆಯೊಳಗೇ, ಕಾರ್ಖಾನೆಯ ಗೇಟು ಕಾಣಲ್ಲ. ಅದೇ ವರ್ಷ ಡೆಟ್ರಾಯಿಟ್‌ನ ‘ದಿ ಮಿರಕಲ್ಸ್’ ಹಾಡಿದ ಉತ್ತರದ ಹಾಡಿನಲ್ಲಿ ಕೆಲಸ ಸಿಗುತ್ತೆ, ಜೊತೆಗೆ ಯಜಮಾನನ ಕಾಟವೂ. ಅಲ್ಲಿಗೆ ಗೇಟು ಕಂಡಿತು ಅನ್ನಬಹುದು. ಆದರೂ ನಮ್ಮ ಎಷ್ಟೋ ಕವನಗಳಲ್ಲಿ ಧಣಿ ಬರ್ತಾನೆ, ಕ್ರಾಂತಿ ಬರುತ್ತೆ, ಅವ್ವನ ಬೈಗುಳ ಮಾತ್ರ ಬರಲ್ಲ. ಆ ಲೆಕ್ಕದಲ್ಲಿ ಈ ಹಾಡು ನಮಗಿಂತ ಪ್ರಾಮಾಣಿಕ.

1969ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ (ಬಾಬಾಸಾಹೇಬರು 1913ರಲ್ಲಿ ಓದಲು ಹೋದದ್ದು ಅಲ್ಲಿಗೇ) ವಿದ್ಯಾರ್ಥಿಗಳು ಇದೇ ಹಾಡಿನ ಸದ್ದನ್ನು ತಮ್ಮ ಗುಂಪಿನ ಹೆಸರು ಮಾಡಿಕೊಂಡು ವುಡ್‌ಸ್ಟಾಕ್‌ನಲ್ಲಿ ಹಾಡಿದರು, ಮುಂದೆ ಟೆಲಿವಿಷನ್ನಿಗೂ ಹೋದರು. ಅವರಿಗೆ ಬೇಕಾದ್ದು ಸದ್ದು. ಕೆಲಸ ಸಿಗದ ಹುಡುಗ ಅಲ್ಲ. ಸಿಲೂಎಟ್ಸ್‌ಗೆ ಅಂಥ ಗೆಲುವು ಇನ್ನೊಂದು ಸಲ ಸಿಗಲೇ ಇಲ್ಲ.